ಕೆಂಪುಕಲ್ಲಿನ ಇಗರ್ಜಿಗೆ ಸಿಮೆಂಟು ಸಾರಣೆ ಬೇಡ: ಕಟ್ಟಡ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಂಗಳೂರು ಮತ್ತು ಉಡುಪಿ ಧರ್ಮಪ್ರಾಂತ್ಯಗಳ ಕಟ್ಟಡ ಸಮಿತಿಗಳಿಗೆ, ಬಾಸೆಲ್ ಮಿಷನ್ ಪರಂಪರೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಹಿರಿಯರಿಗೆ, ಹಳೆಯ ಚರ್ಚ್ ಇರುವ ಪ್ರತಿ ಊರಿನ ಪಾಲನಾ ಮಂಡಳಿಗೆ, ದುರಸ್ತಿ ಅನುದಾನಕ್ಕೆ ಅಂದಾಜು ಪಟ್ಟಿ ಬರೆಯುವ ಎಂಜಿನಿಯರುಗಳಿಗೆ.

ವಂದನೀಯರೇ, ಮಾನ್ಯರೇ,

ನೂರು ವರ್ಷ ದಾಟಿದ ಚರ್ಚ್‌ನ ದುರಸ್ತಿಗೆಂದು ನಿಮ್ಮ ಮೇಜಿಗೆ ಬರುವ ಅಂದಾಜು ಪಟ್ಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬಾಬತ್ತುಗಳು ಇದ್ದೇ ಇರುತ್ತವೆ. ಹಳೆಯ ಸಾರಣೆ ಕೆತ್ತಿ 1:4 (ಒಂದು ಭಾಗ ಸಿಮೆಂಟಿಗೆ ನಾಲ್ಕು ಭಾಗ ಮರಳು) ಸಿಮೆಂಟು ಸಾರಣೆ, ಅದರ ಮೇಲೆ ವಾಟರ್‌ಪ್ರೂಫ್ ಪೇಂಟು, ಹೆಂಚು ಇಳಿಸಿ ತಗಡಿನ ಶೀಟು, ಸುತ್ತಲಿನ ಅಂಗಳಕ್ಕೆ ಇಂಟರ್‌ಲಾಕ್. ಹಬ್ಬದ ದಿನ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಸುಣ್ಣದಲ್ಲಿ ಕಟ್ಟಿದ ಕೆಂಪುಕಲ್ಲಿನ ಗೋಡೆಯನ್ನು ಹಾಳುಮಾಡಲು ಇದಕ್ಕಿಂತ ಪಕ್ಕಾ ವಿಧಾನ ಬೇರೆ ಇಲ್ಲ. ಕೆಲವು ಮಳೆಗಾಲ ಕಳೆದ ಮೇಲೆ ಅದೇ ಗೋಡೆಯನ್ನು ತೋರಿಸಿ, ‘ಕಲ್ಲು ಹುಡಿಯಾಗಿದೆ, ಕೆಡವಿ ಹೊಸತು ಕಟ್ಟುವುದೇ ಲೇಸು’ ಎನ್ನುತ್ತಾರೆ. ಆ ಕಲ್ಲು ಹುಡಿಯಾದದ್ದು ಮುಪ್ಪಿನಿಂದಲ್ಲ, ದುರಸ್ತಿಯಿಂದ. ಈ ಪಟ್ಟಿಯನ್ನು ಬದಲಿಸಿ ಎಂದು ಕೇಳಲು ಈ ಪತ್ರ.

ಮೊದಲು ನಮ್ಮ ಕೈಯಲ್ಲಿರುವುದು ಯಾವ ಕಾಲದ ಕಟ್ಟಡ ಎಂಬುದು ತಿಳಿದಿರಲಿ. ಹೆಬ್ಬಾಗಿಲಿನ ಮೇಲೆ ಬರೆದಿರುವ ಇಸವಿ ಬಹುಮಟ್ಟಿಗೆ ಫಿರ್ಗಜ್ (ಆ ಚರ್ಚಿಗೆ ಸೇರಿದ ಧರ್ಮಕೇಂದ್ರ) ಹುಟ್ಟಿದ ಇಸವಿ, ಈಗಿನ ಕಟ್ಟಡದ್ದಲ್ಲ. ರೊಸಾರಿಯೊ ಚರ್ಚ್‌ನ ಮೂಲ 1568ರ ಪೋರ್ಚುಗೀಸ್ ಕೋಟೆಯ ಕಾಲಕ್ಕೆ ಹೋಗುತ್ತದೆ. 1623ರಲ್ಲಿ ಮಂಗಳೂರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿನ ಚರ್ಚ್‌ಗಳ ಬಗ್ಗೆ ಬರೆದಿದ್ದಾನೆ. ಹಂಪನಕಟ್ಟೆಯ ಮಿಲಾಗ್ರಿಸ್ 1680ರದ್ದು. ಕೆಳದಿಯ ರಾಣಿ ಚೆನ್ನಮ್ಮ ಕೊಟ್ಟ ಜಾಗದಲ್ಲಿ ಬಿಷಪ್ ತೋಮಸ್ ದ ಕಾಸ್ತ್ರೊ ಕಟ್ಟಿಸಿದ್ದು. ಆದರೆ 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಕರಾವಳಿಯ ಹೆಚ್ಚಿನ ಚರ್ಚ್‌ಗಳು ನೆಲಸಮವಾದವು. 1799ರ ಬಳಿಕ ಮರಳಿದವರು ಕಟ್ಟಿದ್ದು ಬಹುತೇಕ ಸಣ್ಣ ಕಟ್ಟಡಗಳು. ಜನ ಹೆಚ್ಚಿದಂತೆ ಅವೂ ಹೋಗಿ ದೊಡ್ಡವು ಬಂದವು. ರೊಸಾರಿಯೊ 1813ರಲ್ಲಿ ಮತ್ತೆ ಎದ್ದಿತು. ಇಂದು ಕಾಣುವ ಗುಮ್ಮಟದ ಕೆಥೆಡ್ರಲ್ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳದ್ದು. ಮಿಲಾಗ್ರಿಸ್‌ನ ಈಗಿನ ರೂಪವೂ ಸುಮಾರು ಅದೇ ಕಾಲದ್ದು.

ಇನ್ನೊಂದು ಧಾರೆ ಬಾಸೆಲ್ ಮಿಷನ್ನಿನದು. 1834ರಲ್ಲಿ ಮಂಗಳೂರಿಗೆ ಬಂದ ಜರ್ಮನ್, ಸ್ವಿಸ್ ಮಿಷನರಿಗಳು ಶಾಲೆ, ಮುದ್ರಣಾಲಯ, ನೇಯ್ಗೆ ಕಾರ್ಖಾನೆಗಳ ಜೊತೆಗೆ ಬಲ್ಮಠದಲ್ಲಿ 1862ರಲ್ಲಿ ಈಗಿನ ಶಾಂತಿ ಕೆಥೆಡ್ರಲ್ ಕಟ್ಟಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ಮಾಡುಗಳ (ಸೂರುಗಳ) ಚಹರೆಯೇ ಬದಲಾಯಿತು. ಮೂರನೆಯದು ಜೆಸುಯಿಟರ ಧಾರೆ. 1878ರ ಕೊನೆಯಲ್ಲಿ ಬಂದವರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು, ಅದೇ ದಶಕದಲ್ಲಿ ಅದರ ಚಾಪೆಲ್ ಎದ್ದಿತು, 1899ರಿಂದ 1901ರ ನಡುವೆ ಬ್ರದರ್ ಆಂತೋನಿಯೊ ಮೊಸ್ಕೇನಿ ಅದರ ಒಳಗೋಡೆಗೆ, ಚಾವಣಿಗೆ ಚಿತ್ರ ಬರೆದರು.

ಕ್ಯಾಥೊಲಿಕ್ ಇಗರ್ಜಿಯಲ್ಲಿ ಮಾಡಿಗಿಂತ ಎತ್ತರಕ್ಕೆ ಏಳುವ ಮುಖಗೋಡೆ, ಗಂಟೆಗೋಪುರ, ಒಳಗೆ ಅಲಂಕೃತ ಪೀಠ. ಬಾಸೆಲ್ ಚರ್ಚ್‌ನಲ್ಲಿ ಉದ್ದನೆಯ ಸರಳ ಸಭಾಂಗಣ, ಕಡಿದಾದ ಮಾಡು, ಮೂರ್ತಿಯಿಲ್ಲದ ಗೋಡೆ. ಹೊರನೋಟ ಎಷ್ಟು ಬೇರೆಯಾದರೂ ಇವುಗಳಲ್ಲಿ ಹೆಚ್ಚಿನವುಗಳ ಒಡಲು ಒಂದೇ: ಮುರಕಲ್ಲು (ಕೆಂಪುಕಲ್ಲು), ಸುಣ್ಣದ ಗಾರೆ, ಮಾಡು ಹೊರುವ ಮರದ ಪಕ್ಕಾಸು, ಸುಟ್ಟ ಹೆಂಚು. ಹಾಗಾಗಿ ರೋಗಗಳೂ ಒಂದೇ.

ಮುರಕಲ್ಲಿನ ಗುಣ ಇಲ್ಲಿಯ ಮೇಸ್ತ್ರಿಗಳಿಗೆ ಹೇಳಿಕೊಡಬೇಕಾಗಿಲ್ಲ. ಭೂಮಿಯಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಅದರಲ್ಲಿನ ಕಬ್ಬಿಣದಂಶ ಬಿಗಿದು ಗಟ್ಟಿ. ಮೈತುಂಬ ರಂಧ್ರ, ನಡುನಡುವೆ ಶೇಡಿಮಣ್ಣಿನ ಗುಳಿಗಳು. ಕಟ್ಟಡಕ್ಕೆ ಬಳಸುವ ಕೆಂಪುಕಲ್ಲಿಗೆ ಭಾರತೀಯ ಮಾನಕ ಕೇಳುವ ಕನಿಷ್ಠ ಒತ್ತಡ ತಾಳಿಕೆ ಪ್ರತಿ ಚದರ ಮಿ.ಮೀ.ಗೆ 3.5 ನ್ಯೂಟನ್, ತೂಕದ ಶೇ. 12ರವರೆಗೆ ನೀರು ಹೀರಲೂ ಅದು ಬಿಡುತ್ತದೆ. 1:4 ಸಿಮೆಂಟು ಗಾರೆಯ ಶಕ್ತಿ 7.5ರ ಆಸುಪಾಸು, ಎಂದರೆ ಕಲ್ಲಿನ ಎರಡು ಪಟ್ಟು. ಸುಣ್ಣದ ಗಾರೆ ಕಲ್ಲಿಗಿಂತ ಬಹಳ ಮೆದು. ‘ಮೆದುವಾದದ್ದು ಕೆಟ್ಟದ್ದು’ ಎಂದು ಎಂಜಿನಿಯರಿಂಗ್ ತರಗತಿಯಲ್ಲಿ ಕಲಿತವರಿಗೆ ಇಲ್ಲೇ ಎಡವುವುದು. ಹಳೆಯ ಗೋಡೆಯಲ್ಲಿ ಗಾರೆ ಕಲ್ಲಿಗಿಂತ ಮೆದುವಾಗಿಯೇ ಇರಬೇಕು. ಗೋಡೆ ಕೂದಲೆಳೆಯಷ್ಟು ಕೂತರೆ, ಹಿಗ್ಗಿದರೆ, ಬಿರುಕು ಗಾರೆಯಲ್ಲಿ ಬರಬೇಕು, ಗಾರೆಯನ್ನು ಬದಲಿಸಬಹುದು. ಗಾರೆ ಗಟ್ಟಿಯಾಗಿದ್ದರೆ ಒಡೆಯುವುದು ಕಲ್ಲು.

ನೀರಿನ ಲೆಕ್ಕ ಇನ್ನೂ ಮುಖ್ಯ. ನಮ್ಮಲ್ಲಿ ವರ್ಷಕ್ಕೆ 3,500ರಿಂದ 4,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಯಾವ ಸಾರಣೆಯೂ ಈ ಮಳೆಯನ್ನು ಪೂರ್ತಿ ತಡೆಯುವುದಿಲ್ಲ. ಸುಣ್ಣದ ಸಾರಣೆ ಒಂದಿಷ್ಟು ನೀರು ಕುಡಿಯುತ್ತದೆ, ಮಳೆ ನಿಂತ ಮೇಲೆ ಮೈಯೆಲ್ಲದಿಂದ ಅದನ್ನು ಆವಿಯಾಗಿ ಬಿಡುತ್ತದೆ. ಸಿಮೆಂಟು ಸಾರಣೆ ಹಾಗಲ್ಲ. ಹಿಗ್ಗಿ ಕುಗ್ಗುವಾಗ ಅದರಲ್ಲಿ ಸೂಕ್ಷ್ಮ ಬಿರುಕು ಬರುತ್ತದೆ. ಪಡುವಣ ಗಾಳಿ ಒತ್ತಿದ ಮಳೆ ಆ ಬಿರುಕಿನಿಂದ ಒಳಗೆ ಹೋಗುತ್ತದೆ. ಹೊರಬರಲು ಮಾತ್ರ ದಾರಿಯಿಲ್ಲ. ಮೇಲೆ ಆಕ್ರಿಲಿಕ್ ಪೇಂಟು ಬಳಿದಿದ್ದರೆ ಬೀಗ ಹಾಕಿದಂತಾಯಿತು. ನೀರು ಒಳಭಾಗಕ್ಕೆ ತಿರುಗುತ್ತದೆ, ಪೀಠದ ಹಿಂದಿನ ಗೋಡೆಯಲ್ಲೋ ಕಿಟಕಿಯ ಕೆಳಗೋ ಕಲೆಯಾಗಿ ಕಾಣುತ್ತದೆ. ‘ಒಳಗೂ ಸಿಮೆಂಟು ಹಾಕಿಬಿಡಿ’ ಎನ್ನುವ ಎರಡನೆಯ ಟೆಂಡರು ಬರುವುದು ಆಗ.

ನೀರಿನ ಜೊತೆ ಉಪ್ಪೂ ಇದೆ. ಕಡಲ ಗಾಳಿಯ ಉಪ್ಪು, ನೆಲದಿಂದ ಏರುವ ಉಪ್ಪು, ಸಿಮೆಂಟು ತಾನೇ ತರುವ ಕ್ಷಾರದ ಉಪ್ಪು. ಆವಿಯಾಗುವ ಜಾಗದಲ್ಲಿ ಉಪ್ಪು ಹರಳುಗಟ್ಟುತ್ತದೆ. ಸುಣ್ಣದ ಸಾರಣೆಯಿದ್ದರೆ ಹರಳು ಸಾರಣೆಯಲ್ಲಿ ಕಟ್ಟಿ ಸಾರಣೆಯೇ ಉದುರುತ್ತದೆ. ಮತ್ತೆ ಹಚ್ಚಿದರೆ ಮುಗಿಯಿತು. ಸಿಮೆಂಟಿದ್ದರೆ ಹರಳು ಅದರ ಹಿಂದೆ, ಕಲ್ಲಿನ ಮೈಯಲ್ಲಿ ಕಟ್ಟುತ್ತದೆ. ಗೋಡೆ ತಟ್ಟಿದಾಗ ಬರುವ ಟೊಳ್ಳು ಸದ್ದು ಅದರದ್ದು. ಸಾರಣೆಯ ಹಪ್ಪಳ ಎಬ್ಬಿಸಿ ನೋಡಿದರೆ ಹಿಂದೆ ಒಂದೆರಡು ಇಂಚು ಕಲ್ಲು ಕೆಂಪು ಹುಡಿಯಾಗಿರುತ್ತದೆ.

ಅಲೋಶಿಯಸ್ ಚಾಪೆಲ್ಲಿನಂಥ ಜಾಗದಲ್ಲಿ ಇದರ ಪರಿಣಾಮ ಯೋಚಿಸಿ. 1854ರಲ್ಲಿ ಬೆರ್ಗಾಮೊ ಬಳಿಯ ಸ್ಟೆಝಾನೊದಲ್ಲಿ ಹುಟ್ಟಿದ ಮೊಸ್ಕೇನಿ ಬಳಸಿದ್ದು ಮುಖ್ಯವಾಗಿ ಎರಡು ವಿಧಾನ: ಗೋಡೆಗಳಲ್ಲಿ ಫ್ರೆಸ್ಕೊ, ಚಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ತೈಲವರ್ಣ. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಸಾರಣೆಯ ಮೇಲೆ ನೀರಲ್ಲಿ ಕಲಸಿದ ಬಣ್ಣ. ಅದಕ್ಕೆ ಬೇರೆ ಅಂಟಿಲ್ಲ. ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣದ ಕಣಗಳು ಆ ತೆಳು ಪದರದಲ್ಲಿ ಸಿಕ್ಕಿಕೊಳ್ಳುತ್ತವೆ. ಆ ದಿನ ಬರೆದು ಮುಗಿಸಬಹುದಾದಷ್ಟೇ ಜಾಗಕ್ಕೆ ಆ ದಿನ ಸಾರಣೆ. ಸುಣ್ಣದ ಕ್ಷಾರಕ್ಕೆ ಕೆಡದ ಮಣ್ಣಿನ ಬಣ್ಣಗಳಷ್ಟೇ. ಎಂದರೆ ಅಲ್ಲಿ ಚಿತ್ರವೇ ಸಾರಣೆ, ಸಾರಣೆಯೇ ಚಿತ್ರ. ಇಂಥ ಗೋಡೆಯ ಹೊರಮೈಗೆ ಸಿಮೆಂಟು ಬಿದ್ದರೆ, ಹೊರಹೋಗಬೇಕಾದ ತೇವವೂ ಉಪ್ಪೂ ಚಿತ್ರದ ಕಡೆಗೆ ನಡೆಯುತ್ತವೆ. ಆ ಚಿತ್ರಗಳಿಗೆ ನೂರು ತುಂಬುವ ಮೊದಲೇ, 1990ರ ದಶಕದ ಆರಂಭದಲ್ಲಿ, ತಜ್ಞರ ಕೈಯಲ್ಲಿ ಸಂರಕ್ಷಣಾ ಕೆಲಸ ಮಾಡಿಸಬೇಕಾಯಿತು ಎಂಬುದು ನಮ್ಮ ಹವೆ ಎಷ್ಟು ಕಠಿಣ ಎಂಬುದಕ್ಕೆ ಸಾಕ್ಷಿ. ನಿಮ್ಮ ಊರಿನ ಇಗರ್ಜಿಯಲ್ಲಿ ಮೊಸ್ಕೇನಿ ಇರಲಿಕ್ಕಿಲ್ಲ. ಆದರೂ ಪೀಠದ ಹಿಂದೆ, ಕಮಾನಿನ ಒಳಬದಿಯಲ್ಲಿ, ಪೇಂಟಿನ ನಾಲ್ಕಾರು ಪದರಗಳ ಕೆಳಗೆ ಹಳೆಯ ಅಲಂಕಾರದ ಬಣ್ಣ ಇರಬಹುದು. ಕೆತ್ತುವ ಮೊದಲು ಅಂಗೈಯಗಲದ ಜಾಗದಲ್ಲಿ ಪದರ ಪದರವಾಗಿ ಬಿಡಿಸಿ ನೋಡಿ.

ಈಗಾಗಲೇ ಸಿಮೆಂಟು ಹಚ್ಚಿದ್ದರೆ ಏನು ಮಾಡುವುದು? ಎಲ್ಲವನ್ನೂ ಒಮ್ಮೆಗೇ ಕಿತ್ತುಹಾಕಬೇಡಿ. ಮರದ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ, ಟೊಳ್ಳು ಕೇಳುವ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಂದ ಆರಂಭಿಸಿ. ಉಳಿ, ಸುತ್ತಿಗೆ ಮಾತ್ರ. ಬ್ರೇಕರ್ ಯಂತ್ರ ಬಂದರೆ ಕಲ್ಲಿನ ಮೈಯೂ ಜೊತೆಗೆ ಬರುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡ ಕಡೆ ಗ್ರೈಂಡರಿನಿಂದ ಅಂಗೈಯಗಲದ ಚೌಕಗಳಾಗಿ ಗೀರಿ, ಸಾರಣೆಯ ದಪ್ಪಕ್ಕಿಂತ ಆಳ ಹೋಗದಂತೆ ನೋಡಿಕೊಂಡು, ಒಂದೊಂದನ್ನೇ ಎಬ್ಬಿಸಿ. ಆಗಲೂ ಕಲ್ಲು ಕಿತ್ತು ಬರುವುದಾದರೆ ಆ ಭಾಗವನ್ನು ಹಾಗೇ ಬಿಡಿ, ಮೇಲಿನ ಪೇಂಟನ್ನಷ್ಟೇ ತೆಗೆಯಿರಿ. ಬಿಚ್ಚಿದ ಗೋಡೆಯ ಸಂದುಗಳನ್ನು 20ರಿಂದ 25 ಮಿ.ಮೀ. ಆಳ ಕೆದಕಿ, ಹುಡಿ ಗುಡಿಸಿ, ಕನಿಷ್ಠ ಎರಡು ತಿಂಗಳು ಗಾಳಿಗೆ ಬಿಡಿ. ಈ ಎರಡು ತಿಂಗಳಿಗೆ ಪಟ್ಟಿಯಲ್ಲಿ ಹಣವಿಲ್ಲ ಎಂಬ ಕಾರಣಕ್ಕೆ ಅದನ್ನು ಬಿಟ್ಟುಬಿಡುತ್ತಾರೆ. ಹೊಸ ಸಾರಣೆ ಉದುರುವುದಕ್ಕೆ ಮೊದಲ ಕಾರಣ ಅದೇ. ಪೂರ್ತಿ ಹುಡಿಯಾದ ಕಲ್ಲನ್ನು ಮಾತ್ರ ತೆಗೆದು ಬೇರೆ ಕೂರಿಸಿ. ಹೊಸ ಕಲ್ಲು ಕಡಿದು ಒಂದು ಮಳೆಗಾಲ ಕಳೆದದ್ದಾಗಿರಲಿ, ಶೇಡಿ ಗುಳಿ ಕಾಣುವ ಕಲ್ಲು ಬೇಡ.

ಇನ್ನು ಸುಣ್ಣ. ಅಂಗಡಿಯ ಚೀಲದ ಹುಡಿ ಸುಣ್ಣ ಗೋಡೆಗೆ ಬಳಿಯಲಷ್ಟೇ ಸಾಕು. ಗಾರೆಗೆ ಸುಟ್ಟ ಸುಣ್ಣ ತಂದು ಸ್ಥಳದಲ್ಲೇ ಅರಳಿಸಬೇಕು. ಹಿಂದೆ ನಮ್ಮ ಅಳಿವೆಗಳ ಚಿಪ್ಪಿನಿಂದ ಸುಟ್ಟ ಸುಣ್ಣವೇ ಎಲ್ಲೆಡೆ ನಡೆಯುತ್ತಿತ್ತು. ಇಂದು ಸುಣ್ಣಕಲ್ಲಿನದ್ದಾದರೂ ಆದೀತು, ಆದರೆ ಸುಟ್ಟು ಹೆಚ್ಚು ದಿನವಾಗಿರಬಾರದು. ಗುಂಡಿಗೋ ಡ್ರಮ್ಮಿಗೋ ಮೊದಲು ನೀರು, ಆಮೇಲೆ ಸುಣ್ಣ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ, ಕಣ್ಣೇ ಹೋದೀತು. ಕನ್ನಡಕ, ಕೈಗವಸು ಕಡ್ಡಾಯ ಎಂದು ಟೆಂಡರಿನಲ್ಲೇ ಬರೆಯಿರಿ. ನೀರು ಸುಣ್ಣದ ಅಳತೆಯ ಎರಡು ಮೂರು ಪಟ್ಟು. ಕುದಿ ನಿಂತ ಮೇಲೆ 3 ಮಿ.ಮೀ. ಜಾಲರಿಯಲ್ಲಿ ಸೋಸಿ, ಮೇಲೆ ಒಂದು ಗೇಣು ನೀರು ನಿಲ್ಲುವಂತೆ ಮುಚ್ಚಿಡಿ. ಮೂರು ವಾರ ಕನಿಷ್ಠ. ಮೂರು ತಿಂಗಳು ಇಟ್ಟರೆ ಬೆಣ್ಣೆಯ ಹದಕ್ಕೆ ಬರುತ್ತದೆ. ಸೋಸದೆ ಬಿಟ್ಟ, ಅತಿಯಾಗಿ ಬೆಂದು ಅರಳದೆ ಉಳಿದ ಹರಳು ಗೋಡೆಗೆ ಹೋದ ಮೇಲೆ ಅರಳಿ, ಸಾರಣೆಯಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದು ಸಿಡಿಯುತ್ತದೆ.

ಹೊಯಿಗೆ, ಎಂದರೆ ಮರಳು, ಉಪ್ಪಿಲ್ಲದ್ದಾಗಿರಬೇಕು. ನೇತ್ರಾವತಿ, ಗುರುಪುರ, ಸ್ವರ್ಣಾ ನದಿಗಳಲ್ಲಿ ಉಬ್ಬರದ ನೀರು ಏರುವ ಕಡೆಯ ಹೊಯಿಗೆ ಎಷ್ಟೇ ಚೆನ್ನಾಗಿ ಕಂಡರೂ ಅದರಲ್ಲಿ ಉಪ್ಪಿದೆ. ತೊಳೆಯದೆ ಬಳಸಬೇಡಿ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಹೊಯಿಗೆ) ಬಳಸುವುದಾದರೆ ಅದರ ನಯವಾದ ಧೂಳನ್ನು ಜರಡಿಯಾಡಿಸಿ ತೆಗೆಯಬೇಕು. ಪ್ರಮಾಣ: ಸಂದು ತುಂಬಲೂ ಮೊದಲ ಪದರಕ್ಕೂ ಒಂದು ಭಾಗ ಸುಣ್ಣಕ್ಕೆ ಮೂರು ಹೊಯಿಗೆ. ಪಡುಬದಿಯ ಗೋಡೆ, ಬುಡದ ಒಂದು ಮೀಟರ್, ಗೋಪುರದ ತಲೆ, ಇಂಥ ಮಳೆ ಹೊಡೆಯುವ ಜಾಗಕ್ಕೆ ಬರಿಯ ಸುಣ್ಣ ಸಾಲದು. ಅಲ್ಲಿ ಒಂದು ಸುಣ್ಣ, ಒಂದು ಸುರ್ಕಿ, ಎರಡು ಹೊಯಿಗೆ. ಸುರ್ಕಿ ಎಂದರೆ ಇಟ್ಟಿಗೆಯ ಹುಡಿ. ಕಾರ್ಖಾನೆಯ ಒಡಕು ಹೆಂಚನ್ನು ಪುಡಿಮಾಡಿ ಹಾಕುವವರಿದ್ದಾರೆ. ಹೆಚ್ಚು ಬೆಂದ ಹೆಂಚಿನ ಹುಡಿ ಸುಣ್ಣದ ಜೊತೆ ಅಷ್ಟಾಗಿ ಬೆಸೆಯುವುದಿಲ್ಲ, ಕಡಿಮೆ ಉರಿಯಲ್ಲಿ ಸುಟ್ಟ ನಾಡ ಇಟ್ಟಿಗೆಯೇ ಒಳ್ಳೆಯದು. ಮೊದಲ ಪದರ 12ರಿಂದ 15 ಮಿ.ಮೀ., ಎರಡನೆಯದು 8ರಿಂದ 10, ಕೊನೆಯ ನಯ 3. ಪದರಗಳ ನಡುವೆ ಹತ್ತು ದಿನಕ್ಕೆ ಕಡಿಮೆಯಿಲ್ಲದ ಬಿಡುವು. ಅನುಮಾನವಿದ್ದರೆ ಒಂದು ಚೂರು ಮುರಿದು, ಕ್ಷಾರ ತಗುಲಿದರೆ ಗುಲಾಬಿಯಾಗುವ ಫಿನಾಲ್ಫ್‌ಥಲೀನ್ ಎಂಬ ರಾಸಾಯನಿಕವನ್ನು ಹನಿಸಿ ನೋಡಿ: ಗುಲಾಬಿಯಾದರೆ ಒಳಗೆ ಸುಣ್ಣ ಇನ್ನೂ ಹಸಿ, ಬಣ್ಣ ಬಾರದಿದ್ದರೆ ಗಾಳಿ ತಗುಲಿ ಗಟ್ಟಿಯಾಗಿದೆ. ಮೊದಲ ವಾರ ಬಿಸಿಲು ನೇರ ಬೀಳದಂತೆ ಒದ್ದೆ ಗೋಣಿ ಇಳಿಬಿಡಬೇಕು.

ಬೆಲ್ಲ, ಅಳಲೆಕಾಯಿ, ಮೊಟ್ಟೆಯ ಬಿಳಿ ಎಂಬ ಪಟ್ಟಿಯನ್ನು ಪ್ರತಿ ಹಳೆಯ ಕಟ್ಟಡದ ಬಗ್ಗೆಯೂ ಕೇಳುತ್ತೇವೆ. ಬೆಲ್ಲದ ನೀರಿನಿಂದ ಗಾರೆ ಕರಣೆಗೆ ಸಲೀಸಾಗುತ್ತದೆ, ನಿಧಾನ ಗಟ್ಟಿಯಾಗುತ್ತದೆ, ನಿಜ. ಆದರೆ ಮೊಟ್ಟೆ ಹಾಕಿದ್ದೇವೆಂದು ಬಿಲ್ಲು ಬರೆಯುವವರಿಗಿಂತ ಸುಣ್ಣವನ್ನು ಮೂರು ತಿಂಗಳು ನೆನೆಹಾಕುವ ಮೇಸ್ತ್ರಿ ಮೇಲು. ಮೊದಲು ಒಂದು ಚದರ ಮೀಟರ್ ಮಾದರಿ ಹಚ್ಚಿಸಿ, ತಿಂಗಳು ಬಿಟ್ಟು ಅದನ್ನು ನೋಡಿ ನಿರ್ಧರಿಸಿ.

ಮೇಲೆ ಬಳಿಯಲು ಸುಣ್ಣದ ನೀರು, ತೆಳುವಾಗಿ ನಾಲ್ಕೈದು ಬಾರಿ. ಕಾವಿಮಣ್ಣು ಬೆರೆಸಿದರೆ ಬಣ್ಣವೂ ಬರುತ್ತದೆ. ಒಂದು ತೊಂದರೆಯನ್ನು ಮುಚ್ಚಿಡುವುದಿಲ್ಲ: ಪಡುಬದಿಯಲ್ಲಿ ಸುಣ್ಣ ಬೇಗ ಕಪ್ಪಾಗುತ್ತದೆ, ಹಾವಸೆ ಹಿಡಿಯುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಅದು ಬೇಡವೆಂದರೆ ಉಸಿರಾಡುವ ಸಿಲಿಕೇಟ್ ಬಣ್ಣಗಳಿವೆ, ದುಬಾರಿ. ‘ಹತ್ತು ವರ್ಷ ಗ್ಯಾರಂಟಿ’ಯ ಪೇಂಟು ಗ್ಯಾರಂಟಿ ಕೊಡುವುದು ತನ್ನ ಮೈಗೆ, ನಿಮ್ಮ ಗೋಡೆಗಲ್ಲ.

ಮಾಡಿನ ವಿಷಯಕ್ಕೆ ಬರೋಣ. 30 ಮೀಟರ್ ಉದ್ದ, 12 ಮೀಟರ್ ಅಗಲದ ಇಗರ್ಜಿಯ ಮಾಡಿನ ಮೇಲೆ ವರ್ಷಕ್ಕೆ ಸುಮಾರು 13 ಲಕ್ಷ ಲೀಟರ್ ನೀರು ಬೀಳುತ್ತದೆ. 35 ಡಿಗ್ರಿ ಇಳಿಜಾರಾದರೆ ಸುಮಾರು 440 ಚದರ ಮೀಟರ್ ಹೆಂಚಿನ ಹಾಸು. ಚದರ ಮೀಟರಿಗೆ 15ರಂತೆ 6,600 ಹೆಂಚು, ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ 16 ಟನ್ನಿನ ಆಸುಪಾಸು. ಇದನ್ನು ಇಳಿಸಿ 125 ಮಿ.ಮೀ. ಸ್ಲ್ಯಾಬ್ ಹಾಕಿದರೆ ಸ್ಲ್ಯಾಬೊಂದೇ 112 ಟನ್. ಗೋಡೆಯೂ ಪಂಚಾಂಗವೂ (ಅಡಿಪಾಯವೂ) ಆ ಭಾರಕ್ಕೆ ಕಟ್ಟಿದ್ದಲ್ಲ. ಭಾರಕ್ಕಿಂತ ಕೆಟ್ಟದ್ದು ಅದರ ಓಡಾಟ: 25 ಡಿಗ್ರಿ ಬಿಸಿ ಏರಿದರೆ 30 ಮೀಟರ್ ಕಾಂಕ್ರೀಟು 7ರಿಂದ 9 ಮಿ.ಮೀ. ಹಿಗ್ಗುತ್ತದೆ, ದಿನವೂ ಗೋಡೆಯ ತಲೆಯನ್ನು ತಳ್ಳುತ್ತದೆ. ಸ್ಲ್ಯಾಬಿನ ಕೆಳಗೆ ಉದ್ದಕ್ಕೆ ಅಡ್ಡಬಿರುಕು ಕಂಡರೆ ಕಾರಣ ಬೇರೆ ಹುಡುಕಬೇಡಿ. ಶೀಟು ಹಗುರ, ಒಪ್ಪುತ್ತೇವೆ. ಆದರೆ ಹಗುರವಾದದ್ದೇ ಗಾಳಿಗೆ ಏಳುತ್ತದೆ, ಬಲಿಪೂಜೆಯ ಹೊತ್ತಿಗೆ ಮಳೆ ಬಂದರೆ ಪ್ರವಚನ ಕೇಳಿಸದು, ಮೇ ತಿಂಗಳಲ್ಲಿ ಒಳಗೆ ಕೂರಲಾಗದು. ಆಗ ಫಾಲ್ಸ್ ಸೀಲಿಂಗ್, ಆಮೇಲೆ ಏಸಿ, ಅದಕ್ಕಾಗಿ ಕಿಟಕಿ ಬಂದ್.

ಹೆಂಚು ಸೋರುವುದು ಹೆಂಚಿನಿಂದಲ್ಲ, ಹೆಚ್ಚಾಗಿ ಮೂರು ಜಾಗಗಳಿಂದ. ಹೆಂಚು ಕೂರುವ ಮರದ ಪಟ್ಟಿ, ರೀಪು, ಬಾಗಿ ಹೆಂಚಿನ ಕಚ್ಚು ಬಿಟ್ಟುಹೋದ ಕಡೆ. ಎರಡು ಮಾಡು ಸೇರುವ ದಂಬೆ, ಅದರ ತಗಡು ತೂತಾದಾಗ. ಮೂರನೆಯದು, ಕ್ಯಾಥೊಲಿಕ್ ಇಗರ್ಜಿಗಳ ದೊಡ್ಡ ತಲೆನೋವು, ಎತ್ತರದ ಮುಖಗೋಡೆಯ ಬೆನ್ನಿಗೆ ಮಾಡು ತಗಲುವ ಸಾಲು. ಅಲ್ಲಿ ಸಿಮೆಂಟು ಮೆತ್ತುತ್ತಾರೆ. ಗೋಡೆ ಒಂದು ರೀತಿ, ಮರ ಇನ್ನೊಂದು ರೀತಿ ಹಿಗ್ಗುವುದರಿಂದ ಮೊದಲ ಬೇಸಗೆಗೇ ಅದು ಬಿಡುತ್ತದೆ, ನೀರು ಗಾಯನವೃಂದ ನಿಲ್ಲುವ ಅಟ್ಟದ ತೊಲೆಗಳಿಗೆ ಇಳಿಯುತ್ತದೆ. ತಾಮ್ರದ ಅಥವಾ ಸೀಸದ ತಗಡನ್ನು ಗೋಡೆಯ ಸಂದಿನೊಳಗೆ 25 ಮಿ.ಮೀ. ತೂರಿಸಿ ಸುಣ್ಣದಲ್ಲಿ ಮುಚ್ಚಿ, ಹೆಂಚಿನ ಮೇಲೆ ಕನಿಷ್ಠ 150 ಮಿ.ಮೀ. ಹರಡಿ, ಆ ತುದಿಯನ್ನು ಬಿಗಿಯದೆ ಬಿಡಬೇಕು.

ಹಳೆಯ ಹೆಂಚನ್ನು ಎಸೆಯಬೇಡಿ. ಬೆರಳ ಗಂಟಿನಲ್ಲಿ ತಟ್ಟಿದಾಗ ಕಂಚಿನ ದನಿ ಬಂದರೆ ಅದಕ್ಕಿನ್ನೂ ಆಯುಷ್ಯವಿದೆ. ಬೆನ್ನಿನ ಮೇಲಿನ ಕಾರ್ಖಾನೆಯ ಮುದ್ರೆ ನೋಡಿ ಬೇರ್ಪಡಿಸಿ: ಒಂದು ಕಾರ್ಖಾನೆಯ ಅಚ್ಚಿಗೆ ಇನ್ನೊಂದರ ಹೆಂಚು ಕೂರದು, ಬೆರೆಸಿದರೆ ಸೋರುವುದು ಖಂಡಿತ. ಒಂದು ಮುದ್ರೆಯದ್ದು ಒಂದು ಬದಿಗೆ, ಇನ್ನೊಂದರದ್ದು ಇನ್ನೊಂದು ಬದಿಗೆ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿರುವುದರಿಂದ ಊರಿನ ಹಳೆಯ ಮನೆ ಕೆಡಹುವಾಗ ಅದೇ ಮುದ್ರೆಯ ಹೆಂಚು ಸಿಕ್ಕರೆ ಕೊಂಡು, ಹತ್ತಕ್ಕೆ ಒಂದರಂತೆ ಸಂಗ್ರಹದಲ್ಲಿಡಿ.

ಮರವನ್ನು ಕಣ್ಣಲ್ಲಿ ನೋಡಿ ತೀರ್ಪು ಕೊಡಬೇಡಿ. ಗೋಡೆಗೆ ಸೇರುವ ತೊಲೆಯ ತುದಿಯೇ ಮೊದಲು ಕುಂಬಾಗುವುದು. ಚೂಪು ದಬ್ಬಣ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಹೋದರೆ ತುದಿ ಹೋಗಿದೆ ಎಂದು ಅರ್ಥ, ಇಡೀ ತೊಲೆ ಹೋಗಿದೆ ಎಂದಲ್ಲ. ಕೆಟ್ಟ ಭಾಗ ಕೊಯ್ದು, ಅದೇ ಜಾತಿಯ ಒಣಗಿದ ಮರವನ್ನು ಓರೆ ಬೆಸುಗೆಯಲ್ಲಿ ಕೂಡಿಸಿ, ಸ್ಟೇನ್‌ಲೆಸ್ ಬೋಲ್ಟ್ ಹಾಕಬಹುದು. ತುದಿಯ ಸುತ್ತ 25 ಮಿ.ಮೀ. ಗಾಳಿಯ ಸಂದು ಬಿಡಿ. ಸಿಮೆಂಟಿನಲ್ಲಿ ಹೂಳಿದರೆ ಮತ್ತೆ ಅದೇ ಕಥೆ. ಗೋಡೆಯಿಂದ ಗೋಡೆಗೆ ಹೋಗುವ ಅಡ್ಡತೊಲೆಯನ್ನು ‘ನೋಟಕ್ಕೆ ಅಡ್ಡ’ ಎಂದು ಯಾವ ಕಾರಣಕ್ಕೂ ಕೊಯ್ಯಬೇಡಿ. ಪಕ್ಕಾಸುಗಳು ಗೋಡೆಯನ್ನು ಹೊರಗೆ ತಳ್ಳದಂತೆ ಹಿಡಿದಿರುವುದು ಅದೇ. ಫಾಲ್ಸ್ ಸೀಲಿಂಗ್ ಇದ್ದೇ ತೀರಬೇಕೆಂದಾದರೆ ಮೇಲೆ ಹತ್ತಿ ನೋಡಲು ಎರಡು ಕಿಂಡಿಯಾದರೂ ಇರಲಿ.

ಅಂಗಳದ ಇಂಟರ್‌ಲಾಕ್ ಬಗ್ಗೆ ಎರಡೇ ಮಾತು. ಪ್ರತಿ ಬಾರಿ ಹಾಸುವಾಗ ನೆಲ ನಾಲ್ಕಾರು ಇಂಚು ಏರುತ್ತದೆ, ಒಂದು ದಿನ ಅಂಗಳವೇ ಚರ್ಚ್‌ನ ಜಗಲಿಯ ಮಟ್ಟಕ್ಕೆ ಬರುತ್ತದೆ. ಮಾಡಿನಿಂದ ಒಂದೊಂದು ಬದಿಗೆ ಬೀಳುವ ಆರೂವರೆ ಲಕ್ಷ ಲೀಟರ್ ಇಂಗಲು ಜಾಗವಿಲ್ಲದೆ ಗೋಡೆಯ ಬುಡಕ್ಕೆ ಬರುತ್ತದೆ. ಗೋಡೆಯಿಂದ ಒಂದು ಮೀಟರ್ ಜಲ್ಲಿಯ ಪಟ್ಟಿ ಬಿಟ್ಟು, ಆಚೆಗೆ 50ಕ್ಕೆ 1ರ ಇಳಿಜಾರು ಕೊಟ್ಟು, ಮಾಡಿನ ಅಂಚಿನ ನೀರು ಬೀಳುವಲ್ಲಿ ತೆರೆದ ಚರಂಡಿ ಮಾಡಿ. ಒಳಗೋಡೆಯ ಬುಡಕ್ಕೆ ಟೈಲ್ಸ್ ಅಂಟಿಸಿದರೆ ತೇವ ಟೈಲ್ಸಿನ ಮೇಲಂಚಿಗೆ ಏರುತ್ತದೆ, ಕಡಿಮೆಯಾಗುವುದಿಲ್ಲ.

ಗಂಟೆಗೋಪುರದಲ್ಲಿ ಹೂತಿರುವ ಕಬ್ಬಿಣದ ಕಂಬಿಗಳು ತುಕ್ಕು ಹಿಡಿದಾಗ ಹಲವು ಪಟ್ಟು ಹಿಗ್ಗಿ ಕಲ್ಲನ್ನು ಸೀಳುತ್ತವೆ; ಹೊರಬಂದ ಬಿರುಕಿಗೆ ಸಿಮೆಂಟು ತುಂಬಿದರೆ ತುಕ್ಕು ನಿಲ್ಲದು, ಕಬ್ಬಿಣವನ್ನೇ ಬದಲಿಸಬೇಕು. ಸಿಡಿಲಿನ ವಾಹಕ ಇದೆಯೇ ಎಂಬುದಕ್ಕಿಂತ ಅದರ ಭೂಸಂಪರ್ಕ ಸರಿಯಿದೆಯೇ ಎಂಬುದನ್ನು ಪ್ರತಿ ಮಾರ್ಚ್‌ನಲ್ಲಿ ಅಳೆಸಿ. 10 ಓಮ್‌ಗಿಂತ ಕಡಿಮೆ ಇರಬೇಕು. ಮುರಕಲ್ಲಿನ ಗುಡ್ಡದ ಮೇಲೆ ಬೇಸಗೆಯಲ್ಲಿ ಅಷ್ಟು ಸಿಗುವುದು ಸುಲಭವಲ್ಲ, ಎರಡು ಮೂರು ಗುಂಡಿ ಬೇಕಾದೀತು.

ಸಿಮೆಂಟು ಎಲ್ಲೂ ಬೇಡ ಎನ್ನುವ ಹಠ ನಮ್ಮದಲ್ಲ. ಸಭಾಭವನ, ಶೌಚಾಲಯ, ಮೂಲದಲ್ಲೇ ಕಾಂಕ್ರೀಟಿನಿಂದ ಕಟ್ಟಿದ ಚರ್ಚ್‌ಗಳು, ಇವುಗಳ ಮಾತು ಬೇರೆ. ಯಾವುದು ಯಾವುದೆಂದು ತಿಳಿಯಲು ಗೋಡೆಯ ಒಂದು ಮೂಲೆಯಲ್ಲಿ ಗಾರೆ ಕೆದಕಿ ನೋಡಿದರೆ ಸಾಕು: ಚಾಕುವಿಗೆ ಸುಲಭವಾಗಿ ಬರುವ, ಬಿಳಿ ಕಾಳುಗಳಿರುವ ಗಾರೆ ಸುಣ್ಣದ್ದು. ಜನ ಹೆಚ್ಚಾಗಿ ಜಾಗ ಸಾಲದೆ ಹೋದರೆ ಪಕ್ಕದ ಗೋಡೆ ಒಡೆದು ಕಾಂಕ್ರೀಟು ಕಂಬ ಕೊಡುವ ಬದಲು ಪ್ರತ್ಯೇಕ ಅಡಿಪಾಯದ ಮೇಲೆ ಹೊರಗೆ ಜಗಲಿ ಚಾಚಿ. ಕೆಡಹುವ ನಿರ್ಧಾರಕ್ಕೆ ಬರುವುದಾದರೂ, ಗುತ್ತಿಗೆದಾರನಲ್ಲದ, ಹೊಸ ಕಟ್ಟಡದ ನಕ್ಷೆ ಬರೆಯಲಿಕ್ಕಿಲ್ಲದ ಒಬ್ಬ ಸಂರಕ್ಷಣಾ ಎಂಜಿನಿಯರನಿಂದ ಲಿಖಿತ ವರದಿ ಪಡೆದು ಅದನ್ನು ಇಡೀ ಫಿರ್ಗಜ್‌ನ ಸಭೆಯಲ್ಲಿ ಓದಿ ಹೇಳಿ.

ಅನುದಾನ ಕೊಡುವ ಇಲಾಖೆಗಳಿಗೆ ನಮ್ಮ ಕೋರಿಕೆ ಕ್ಯಾಲೆಂಡರಿನದ್ದು. ಹಣ ಜನವರಿಯ ಮೇಲೆ ಬಿಡುಗಡೆಯಾಗಿ ಮಾರ್ಚ್ 31ರೊಳಗೆ ಬಿಲ್ಲು ಕೇಳಿದರೆ ಯಾವ ಗುತ್ತಿಗೆದಾರನೂ ಸುಣ್ಣ ಮುಟ್ಟುವುದಿಲ್ಲ. ಏಪ್ರಿಲ್, ಮೇಯ ಬಿಸಿಲಲ್ಲಿ ಹಚ್ಚಿದ ಸುಣ್ಣ ಒಣಗಿ ಬಿರಿಯುತ್ತದೆ, ಗಟ್ಟಿಯಾಗುವ ಮೊದಲೇ ಜೂನ್ ಮಳೆ ತೊಳೆಯುತ್ತದೆ. ‘ನೋಡಿ, ಸುಣ್ಣ ನಿಲ್ಲುವುದಿಲ್ಲ’ ಎಂಬ ಅಪವಾದವೂ ಅದಕ್ಕೇ. ಎರಡು ಆರ್ಥಿಕ ವರ್ಷಗಳಲ್ಲಿ ಹಂಚಿದ ಎರಡು ಕಂತು ಕೊಡಿ. ಅಂದಾಜು ಪಟ್ಟಿಯಲ್ಲಿ ಸುಣ್ಣದ ಸಾರಣೆ, ಸುಣ್ಣ ನೆನೆಹಾಕುವ ಅವಧಿ, ಗೋಡೆ ಒಣಗುವ ಅವಧಿ, ಮಾದರಿ ಪದರ, ಇವನ್ನು ಬೇರೆ ಬೇರೆ ಬಾಬತ್ತುಗಳಾಗಿ ಬರೆಯಿರಿ. ಪಾಲನಾ ಮಂಡಳಿಗಳಿಗೂ ಒಂದು ಮಾತು. ಒಳ್ಳೆಯ ಸಾರಣೆಯ ತಿಂಗಳುಗಳೂ ವಾರ್ಷಿಕ ಹಬ್ಬಗಳ ತಿಂಗಳುಗಳೂ ನಮ್ಮಲ್ಲಿ ಒಂದೇ, ಡಿಸೆಂಬರಿನಿಂದ ಫೆಬ್ರವರಿ. ಹಬ್ಬಕ್ಕೆ ಮೊದಲು ಮುಗಿಯಲೇಬೇಕೆಂದು ಒತ್ತಾಯಿಸಿದರೆ ಎರಡು ಪದರದ ನಡುವಿನ ಬಿಡುವೇ ಮೊದಲು ಕತ್ತರಿಗೆ ಸಿಗುವುದು. ಒಂದು ವರ್ಷ ತೆಂಕುಬದಿ, ಮರುವರ್ಷ ಬಡಗುಬದಿ ಎಂದು ಹಂಚಿಕೊಳ್ಳಿ. ಒಂದು ಹಬ್ಬವನ್ನು ಅಟ್ಟಳಿಗೆ ಕಟ್ಟಿದ ಗೋಡೆಯ ಎದುರು ಆಚರಿಸಿದರೆ ನಷ್ಟವಿಲ್ಲ.

ಮಳೆ ಮುಗಿದ ಕೂಡಲೇ ಅಕ್ಟೋಬರಿನಲ್ಲಿ ಮೊದಲು ಮಾಡು ಸರಿಪಡಿಸಿ, ಅಕ್ಟೋಬರ್-ನವೆಂಬರಿನಲ್ಲಿ ಗೋಡೆ ಬಿಚ್ಚಿ ಒಣಗಲು ಬಿಟ್ಟು, ಡಿಸೆಂಬರ್ ಕೊನೆಗೆ ಮೊದಲ ಪದರ ಹಾಕಬೇಕೆಂದಿದ್ದರೆ, ಸುಣ್ಣ ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮಾತೆ ಮರಿಯಮ್ಮನ ಜನನದ ಹಬ್ಬದ) ಹೊತ್ತಿಗೆ ಗುಂಡಿಗೆ ಬಿದ್ದಿರಬೇಕು. ಅದಕ್ಕೆ ಟೆಂಡರು ಜುಲೈ ಒಳಗೆ ಆಗಬೇಕು, ಅದಕ್ಕೂ ಮೊದಲು ಈ ಮಳೆಗಾಲದಲ್ಲೇ ಯಾರಾದರೂ ಒಬ್ಬರು ಕೊಡೆ ಹಿಡಿದು ಚರ್ಚ್‌ನ ಸುತ್ತ ಒಂದು ಸುತ್ತು ಬಂದು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ನಕ್ಷೆಯ ಮೇಲೆ ಗುರುತು ಹಾಕಬೇಕು. ಬೇಸಗೆಯಲ್ಲಿ ಬಂದ ಎಂಜಿನಿಯರಿಗೆ ಅದು ಕಾಣುವುದಿಲ್ಲ.

ಇತಿ,
ಕರಾವಳಿಯ ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿರುವ ಮೇಸ್ತ್ರಿಗಳು, ಬಡಗಿಗಳು ಮತ್ತು ಎಂಜಿನಿಯರುಗಳು
ಮಂಗಳೂರು